ಕರಗಿಸುವ ಮೊದಲು ನೋಡಿ

ಡಿಎನ್‌ಎ ತೆಗೆಯಲೆಂದು ಟ್ಯೂಬಿಗೆ ಹಾಕಿದ ಹುಳು ಮತ್ತೆ ಹೊರಗೆ ಬರುವುದಿಲ್ಲ. ಪ್ರೊಟೀನೇಸ್-ಕೆ ಎಂಬ ಕಿಣ್ವ ಒಂದೆರಡು ಗಂಟೆಯಲ್ಲಿ ಅದರ ಮೈಯನ್ನು ಕರಗಿಸಿಬಿಡುತ್ತದೆ. ಆಮೇಲೆ ನಿಮ್ಮ ಕೈಲಿ ಉಳಿಯುವುದು ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳ ಒಂದು ಉದ್ದನೆಯ ಸಾಲು. ಈ ಸಾಲು ಯಾವ ಹುಳುವಿನದು, ಅದರ ಬಾಯಿ ಹೇಗಿತ್ತು, ಬಾಲ ಹೇಗಿತ್ತು, ಹೆಣ್ಣೋ ಗಂಡೋ ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸುವುದಕ್ಕೆ ಏನಿರುತ್ತದೆ? ನೆಮಟೋಡ್ ಎಂಬ ಈ ಹುಳುಗಳ ವಿದ್ಯೆ ಕಲಿಯಲು ಈಗಷ್ಟೇ ಬಂದಿರುವ ಹುಡುಗ ಹುಡುಗಿಯರಿಗೆ ನಾನು ಹೇಳಬೇಕೆಂದಿರುವುದು ಇದರ ಬಗ್ಗೆಯೇ. ನಾನು ಕಲಿಯುವ ಕಾಲಕ್ಕೆ ಮೈಕ್ರೋಸ್ಕೋಪ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ನೀವು ಕಲಿಯುವ ಕಾಲಕ್ಕೆ ಡಿಎನ್‌ಎ ತುಣುಕನ್ನು ಪ್ರತಿ ಮಾಡುವ ಪಿಸಿಆರ್ ಯಂತ್ರ ಬಂದಿದೆ, ಎಷ್ಟೋ ಕಡೆ ಮೈಕ್ರೋಸ್ಕೋಪಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಬಿದ್ದಿದೆ. ಯಂತ್ರ ಬಂದದ್ದು ಒಳ್ಳೆಯದಾಯಿತು. ಹೊದಿಕೆ ಬಿದ್ದದ್ದು ಒಳ್ಳೆಯದಾಗಲಿಲ್ಲ.

ಮೊದಲು ಈ ಜೀವಿಗಳ ಪರಿಚಯ ಮಾಡಿಕೊಳ್ಳಿ. ರೈತರಿಗೆ ಗೊತ್ತಿರುವುದು ಬೇರಿನ ಗಂಟು, ಹುಳು ಅಲ್ಲ. ಟೊಮೆಟೊ ಗಿಡ ಕಿತ್ತು ಬೇರು ತೋರಿಸಿ ‘ಗಂಟು ರೋಗ ಬಂದಿದೆ ಸಾರ್’ ಎನ್ನುತ್ತಾರೆ. ಆ ಗಂಟಿಗೆ ಕಾರಣವಾದ ಮರಿ ನೆಮಟೋಡು ಅರ್ಧ ಮಿಲಿಮೀಟರಿಗೂ ಕಡಿಮೆ ಉದ್ದ, ಗಾಜಿನಂತೆ ಪಾರದರ್ಶಕ. ಬೇರಿನೊಳಗೆ ಹೊಕ್ಕ ಹೆಣ್ಣು ಉಬ್ಬಿ ಬೆಳ್ಳಗೆ ದುಂಡಗಾಗಿ, ನೂರಾರು ಮೊಟ್ಟೆಗಳನ್ನು ಅಂಟಿನಂಥ ಒಂದು ಮುದ್ದೆಯಲ್ಲಿ ಇಡುತ್ತದೆ. ನೆಮಟೋಡ್‌ಗಳಲ್ಲಿ ಈವರೆಗೆ ಹೆಸರು ಪಡೆದ ಪ್ರಭೇದಗಳು 25,000ಕ್ಕೂ ಹೆಚ್ಚು. ಹೆಸರಿಲ್ಲದವು ಅದರ ಎಷ್ಟೋ ಪಟ್ಟು ಇವೆ ಎನ್ನುವುದರಲ್ಲಿ ಬಲ್ಲವರಿಗೆ ಸಂಶಯವಿಲ್ಲ. ತೊಂದರೆಯೆಂದರೆ ಇವುಗಳಲ್ಲಿ ಬಹುಪಾಲು ನೋಡಲು ಒಂದೇ ಥರ: ಒಂದು ಕೊಳವೆ, ಅದರೊಳಗೆ ಇನ್ನೊಂದು ಕೊಳವೆ. ಕಾಲಿಲ್ಲ, ರೆಕ್ಕೆಯಿಲ್ಲ, ಬಣ್ಣವಿಲ್ಲ. ಬಾಯಿಸೂಜಿಯ ಉದ್ದ, ತುಟಿಯ ಬಳೆಗಳ ಎಣಿಕೆ, ಬಾಲದ ತುದಿಯ ಆಕಾರ, ಮೈಯ ಯಾವ ಭಾಗದಲ್ಲಿ ಯೋನಿದ್ವಾರವಿದೆ ಎಂಬ ಶೇಕಡಾ ಲೆಕ್ಕ, ಇಂಥವುಗಳಲ್ಲೇ ವ್ಯತ್ಯಾಸ ಹುಡುಕಬೇಕು. ಹತ್ತೊಂಬತ್ತನೆಯ ಶತಮಾನದ ಡಚ್ ವಿದ್ವಾಂಸ ಡಿ ಮಾನ್ ಹಾಕಿಕೊಟ್ಟ ಅಳತೆಯ ಸೂತ್ರಗಳನ್ನೇ ನಾವು ಇಂದಿಗೂ ಬಳಸುತ್ತೇವೆ.

ಇಷ್ಟೆಲ್ಲ ಕಷ್ಟಪಟ್ಟು ಹೆಸರು ಕಂಡುಹಿಡಿದು ಆಗಬೇಕಾದ್ದೇನು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅಂಥವರು ಒಮ್ಮೆ ನೀಲಗಿರಿಯ ಆಲೂಗಡ್ಡೆಯ ಕಥೆ ಓದಬೇಕು. 1961ರಲ್ಲಿ ಎಫ್.ಜಿ.ಡಬ್ಲ್ಯು. ಜೋನ್ಸ್ ಎಂಬ ಇಂಗ್ಲಿಷ್ ತಜ್ಞರು ಊಟಿಯ ಹೊಲಗಳಲ್ಲಿ ಆಲೂಗಡ್ಡೆಯ ಸಿಸ್ಟ್ ನೆಮಟೋಡನ್ನು ಗುರುತಿಸಿದರು. ಸತ್ತ ಹೆಣ್ಣಿನ ಗಟ್ಟಿಯಾದ ಚರ್ಮವೇ ಸಿಸ್ಟ್. ಸಾಸಿವೆಗಿಂತ ಚಿಕ್ಕದಾದ ಈ ಉಂಡೆಯೊಳಗೆ ಮೊಟ್ಟೆಗಳು ಇಪ್ಪತ್ತು ವರ್ಷಕ್ಕೂ ಮೇಲೆ ಜೀವ ಹಿಡಿದುಕೊಂಡು ಮಣ್ಣಿನಲ್ಲಿ ಬಿದ್ದಿರಬಲ್ಲವು. ಅಂದು ಎಲ್ಲರೂ ಅದನ್ನು ಒಂದೇ ಪ್ರಭೇದ ಎಂದುಕೊಂಡಿದ್ದರು. 1973ರಲ್ಲಿ ಸ್ಟೋನ್ ಎಂಬವರು ಅದನ್ನು ಎರಡಾಗಿ ಬೇರ್ಪಡಿಸಿದರು: ಗ್ಲೋಬೊಡೆರ ರೊಸ್ಟೊಕಿಯೆನ್ಸಿಸ್ ಮತ್ತು ಗ್ಲೋಬೊಡೆರ ಪ್ಯಾಲಿಡ. ಮೊದಲನೆಯದರ ಹೆಣ್ಣು ಬಲಿಯುವಾಗ ಬಂಗಾರದ ಹಳದಿಗೆ ತಿರುಗುತ್ತದೆ. ಎರಡನೆಯದು ಬಿಳಿಯಿಂದ ನೇರವಾಗಿ ಕಂದಾಗುತ್ತದೆ. ನೀಲಗಿರಿಯಲ್ಲಿ ಎರಡೂ ಇವೆ.

ಹಳದಿಯೋ ಬಿಳಿಯೋ ಎಂಬುದರಲ್ಲಿ ರೈತನಿಗೇನಿದೆ? ಇದೆ. ಆಲೂಗಡ್ಡೆಯಲ್ಲಿ ಹೆಚ್-1 ಎಂಬ ನಿರೋಧಕ ಜೀನ್ ಒಂದಿದೆ. ಅದು ರೊಸ್ಟೊಕಿಯೆನ್ಸಿಸ್‌ನ ಕೆಲವು ಬಗೆಗಳನ್ನು ತಡೆಯುತ್ತದೆ, ಪ್ಯಾಲಿಡವನ್ನು ತಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಈ ಜೀನ್ ಇರುವ ಮ್ಯಾರಿಸ್ ಪೈಪರ್ ತಳಿಯನ್ನು ವರ್ಷಗಟ್ಟಲೆ ಎಲ್ಲೆಡೆ ಬೆಳೆದರು. ರೊಸ್ಟೊಕಿಯೆನ್ಸಿಸ್ ಕಡಿಮೆಯಾಯಿತು, ಖಾಲಿಯಾದ ಜಾಗದಲ್ಲಿ ಪ್ಯಾಲಿಡ ಬೆಳೆದುಕೊಂಡಿತು. ಇವತ್ತು ಅಲ್ಲಿನ ರೈತರಿಗೆ ದೊಡ್ಡ ತಲೆನೋವು ಅದೇ. ಹೊಲದಲ್ಲಿರುವುದು ಯಾವುದು ಎಂದು ತಿಳಿಯದೆ ತಳಿ ಕೊಟ್ಟರೆ ಹೀಗಾಗುತ್ತದೆ.

ಈ ಕಥೆಯಲ್ಲಿ ಡಿಎನ್‌ಎಗೆ ಕೀರ್ತಿ ಸಲ್ಲಬೇಕಾದ ಜಾಗವೂ ಇದೆ. ಹಣ್ಣಾಗಿ ಕಂದಾದ ಹಳೆಯ ಸಿಸ್ಟ್‌ನಲ್ಲಿ ಬಣ್ಣದ ಗುರುತು ಉಳಿದಿರುವುದಿಲ್ಲ. ಹಿಂಭಾಗದ ಮಡಿಕೆಗಳನ್ನು ಎಣಿಸಬೇಕು, ಅಳತೆ ಹಾಕಬೇಕು, ಆಗಲೂ ಎರಡರ ಅಳತೆಗಳು ಒಂದರೊಳಗೊಂದು ಸೇರಿಕೊಂಡು ಗೊಂದಲ ಮಾಡುತ್ತವೆ. ಅದೇ ಸಿಸ್ಟ್ ಒಡೆದು ಒಳಗಿನ ಮೊಟ್ಟೆಗಳಿಂದ ಡಿಎನ್‌ಎ ತೆಗೆದು, ಎರಡು ಪ್ರಭೇದಗಳಿಗೆ ಬೇರೆಬೇರೆಯಾಗಿ ಹೊಂದುವ ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ತುಣುಕು ಹಾಕಿ ಪಿಸಿಆರ್ ನಡೆಸಿದರೆ ಒಂದೇ ದಿನದಲ್ಲಿ ಉತ್ತರ. ಕಣ್ಣು ಸೋಲುವ ಇಂಥ ಕಡೆ ಹಟ ಮಾಡಬೇಡಿ. ನನ್ನ ಓರಗೆಯ ಕೆಲವರು ಹಟ ಮಾಡಿದರು. ಅದರಿಂದ ಶಾಸ್ತ್ರಕ್ಕೆ ಲಾಭವೇನೂ ಆಗಲಿಲ್ಲ.

ಈಗ ನಮ್ಮೂರ ಗಂಟು ರೋಗಕ್ಕೆ ಬರೋಣ. ಇಂಗ್ಲೆಂಡಿನ ಗಾಜಿನಮನೆಯ ಸೌತೆ ಬೇರಿನಲ್ಲಿ ಬರ್ಕ್ಲಿ ಎಂಬವರು 1855ರಲ್ಲಿ ಈ ಗಂಟುಗಳನ್ನು ಕಂಡು ಬರೆದರು. ಬ್ರೆಜಿಲಿನ ಕಾಫಿ ತೋಟಗಳು ಸಾಯುತ್ತಿದ್ದಾಗ ಕಾರಣ ಹುಡುಕಲು ಹೋದ ಗೋಲ್ಡಿ 1887ರಲ್ಲಿ ಮೆಲಾಯ್ಡೊಗೈನೆ ಎಂಬ ಕುಲದ ಹೆಸರಿಟ್ಟರು. ಆದರೆ ಆ ಕುಲದೊಳಗೆ ಎಷ್ಟು ಪ್ರಭೇದ ಎಂಬ ಪ್ರಶ್ನೆಗೆ ಸರಿಯಾದ ದಾರಿ ತೋರಿಸಿದ್ದು 1949ರಲ್ಲಿ ಅಮೆರಿಕದ ಚಿಟ್‌ವುಡ್. ಹೆಣ್ಣಿನ ಹಿಂಭಾಗದ ಚರ್ಮದಲ್ಲಿ, ಗುದ ಮತ್ತು ಯೋನಿಯ ಸುತ್ತ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ಗೆರೆಗಳ ಚಿತ್ತಾರವಿರುತ್ತದೆ. ಇನ್‌ಕಾಗ್ನಿಟ ಎಂಬ ಪ್ರಭೇದದಲ್ಲಿ ಮೇಲಿನ ಕಮಾನು ಎತ್ತರ, ಚೌಕದ ಹಾಗೆ. ಜವಾನಿಕ ಎಂಬುದರಲ್ಲಿ ಎರಡು ಪಕ್ಕದಲ್ಲೂ ಗೆರೆಗಳನ್ನು ತುಂಡರಿಸುವ ಸ್ಪಷ್ಟ ಪಟ್ಟೆ. ಗಂಟು ಸೀಳಿ ಹೆಣ್ಣನ್ನು ಬಿಡಿಸಿ, ಹಿಂಭಾಗ ಕತ್ತರಿಸಿ, ಲ್ಯಾಕ್ಟಿಕ್ ಆಮ್ಲದಲ್ಲಿ ತೊಳೆದು, ಗ್ಲಿಸರಿನ್‌ನಲ್ಲಿ ಕೂರಿಸಿ ನೋಡುವ ಕೆಲಸ ಇದು. ಕೈ ನಡುಗುವವರಿಗೆ ಆಗುವುದಿಲ್ಲ. ಒಂದು ಚಿತ್ತಾರ ನೋಡಿ ತೀರ್ಮಾನ ಕೊಡುವ ಅವಸರದವರಿಗೂ ಆಗುವುದಿಲ್ಲ, ಏಕೆಂದರೆ ಒಂದೇ ತಾಯಿಯ ಮಕ್ಕಳಲ್ಲಿಯೇ ಈ ಗೆರೆಗಳು ಅಷ್ಟಿಷ್ಟು ಬದಲಾಗುತ್ತವೆ.

ಆ ಬದಲಾವಣೆಯೇ ನಮ್ಮನ್ನು ಒಂದು ದೊಡ್ಡ ವಿಷಯದಲ್ಲಿ ಏಮಾರಿಸಿತು. ಚೀನಾದ ಹೈನಾನ್ ದ್ವೀಪದ ಒಂದು ಮರದ ಬೇರಿನಿಂದ 1983ರಲ್ಲಿ ಮೆಲಾಯ್ಡೊಗೈನೆ ಎಂಟರೊಲೋಬಿ ಎಂಬ ಪ್ರಭೇದವನ್ನು ವಿವರಿಸಿದರು. ಐದು ವರ್ಷದ ನಂತರ ಪೋರ್ಟೊರಿಕೊದ ಬದನೆ ಬೇರಿನಿಂದ ಇನ್ನೊಂದಕ್ಕೆ ಮಾಯಾಗ್ವೆನ್ಸಿಸ್ ಎಂದು ಹೆಸರಾಯಿತು. ಎರಡೂ ಒಂದೇ ಎಂದು ಒಪ್ಪಿಕೊಳ್ಳಲು ಮೈಟೊಕಾಂಡ್ರಿಯದ ಡಿಎನ್‌ಎಯೂ ಕಿಣ್ವದ ಪರೀಕ್ಷೆಯೂ ಸಾಕ್ಷಿ ಹೇಳಬೇಕಾಯಿತು. ಅದಕ್ಕಿಂತ ಕೆಟ್ಟದ್ದು, ಇದರ ಚಿತ್ತಾರ ಇನ್‌ಕಾಗ್ನಿಟದ ಚಿತ್ತಾರಕ್ಕೆ ಹತ್ತಿರವಾದ್ದರಿಂದ ಅನೇಕ ದೇಶಗಳಲ್ಲಿ ಅದನ್ನು ಇನ್‌ಕಾಗ್ನಿಟ ಎಂದೇ ಬರೆದುಕೊಂಡು ಕೂತಿದ್ದರು. ಈಗ ಪಕ್ಕದ ತಮಿಳುನಾಡಿನ ಸೀಬೆ ತೋಟಗಳಲ್ಲಿ ಅದು ಸಿಕ್ಕಿದೆ. ನರ್ಸರಿ ಸಸಿಯ ಬೇರಿನ ಮಣ್ಣಿನಲ್ಲಿ ಕೂತು ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಇಲ್ಲಿ ಮತ್ತೆ ರೈತನ ಲೆಕ್ಕ. ಪೆರುವಿನ ಕಾಡು ಟೊಮೆಟೊದಿಂದ ತಂದ ‘ಮಿ’ ಎಂಬ ಜೀನ್ ಇರುವ ಟೊಮೆಟೊ ತಳಿಗಳಿವೆ. ಇನ್‌ಕಾಗ್ನಿಟ, ಜವಾನಿಕ, ಅರೆನೇರಿಯ ಮೂರನ್ನೂ ಅವು ತಡೆಯುತ್ತವೆ. ಎಂಟರೊಲೋಬಿಯ ಮುಂದೆ ಆ ಜೀನಿನ ಆಟ ನಡೆಯುವುದಿಲ್ಲ. ಮಣ್ಣಿನ ಬಿಸಿ 28 ಡಿಗ್ರಿ ಸೆಲ್ಸಿಯಸ್ ದಾಟಿದಾಗಲೂ ಆ ಜೀನ್ ಸೋಲುತ್ತದೆ. ನಿರೋಧಕ ತಳಿ ಹಾಕಿದ ಹೊಲದಲ್ಲಿ ಗಂಟು ಬಂತು ಎನ್ನಿ. ಬೇಸಿಗೆಯ ಕಾವಿನಿಂದ ಬಂತೋ, ಬೇರೆ ಪ್ರಭೇದ ಹೊಕ್ಕಿದ್ದರಿಂದ ಬಂತೋ? ಎರಡಕ್ಕೂ ಪರಿಹಾರ ಬೇರೆ. ಮೊದಲನೆಯದಾದರೆ ನಾಟಿಯ ಕಾಲ ಬದಲಿಸಿ ನೋಡಬಹುದು. ಎರಡನೆಯದಾದರೆ ಆ ಹೊಲದ ಸಸಿ, ಮಣ್ಣು ಆಚೆ ಹೋಗದಂತೆ ನೋಡಿಕೊಳ್ಳಬೇಕು. ನೀವು ಕೊಡುವ ಹೆಸರಿನ ಮೇಲೆ ಇದೆಲ್ಲ ನಿಂತಿದೆ.

ಹಾಗಾದರೆ ಬಾರ್‌ಕೋಡ್ ಒಂದೇ ಸಾಕಲ್ಲ, ಕಣ್ಣಿಗೇಕೆ ಕೆಲಸ ಎಂದು ಕೇಳುತ್ತೀರಿ. ಕೇಳಿ. ಪ್ರತಿ ಜೀವಿಯ ಒಂದು ಗೊತ್ತಾದ ಜೀನ್ ತುಣುಕನ್ನು ಓದಿ ಪ್ರಭೇದ ಹೇಳಬಹುದು ಎಂಬ ವಿಚಾರವನ್ನು 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ತಂಡ ಜಗತ್ತಿನ ಮುಂದಿಟ್ಟಿತು. ಮೈಟೊಕಾಂಡ್ರಿಯದ ಸಿಒಐ ಜೀನಿನ ಸುಮಾರು 650 ಅಕ್ಷರಗಳು ಅವರ ಆಯ್ಕೆ. ನೆಮಟೋಡ್‌ನವರು ಅದಕ್ಕೂ ಒಂದು ವರ್ಷ ಮೊದಲೇ ಆ ದಾರಿಯಲ್ಲಿದ್ದರು: ಎಡಿನ್‌ಬರೊದ ಮಾರ್ಕ್ ಬ್ಲ್ಯಾಕ್ಸ್‌ಟರ್ ತಂಡ ಸ್ಕಾಟ್ಲೆಂಡಿನ ಹುಲ್ಲುಗಾವಲಿನ ಮಣ್ಣಿನ ಹುಳುಗಳನ್ನು ಒಂದೊಂದಾಗಿ ಹೆಕ್ಕಿ 18ಎಸ್ ಎಂಬ ಜೀನ್ ಓದಿ ಗುಂಪು ಮಾಡಿತ್ತು. ಹಕ್ಕಿ ಚಿಟ್ಟೆಗಳಿಗೆ ಚೆನ್ನಾಗಿ ನಡೆದ ಸಿಒಐ ಪ್ರೈಮರ್‌ಗಳು ನೆಮಟೋಡ್‌ಗಳಲ್ಲಿ ಅನೇಕ ಸಲ ಕೆಲಸವನ್ನೇ ಮಾಡುವುದಿಲ್ಲ. 18ಎಸ್ ಎಲ್ಲದರಲ್ಲೂ ಸಿಗುತ್ತದೆ, ಆದರೆ ಅದು ಬದಲಾಗುವುದು ನಿಧಾನ, ಹತ್ತಿರದ ಬಂಧುಗಳನ್ನು ಬೇರ್ಪಡಿಸುವುದಿಲ್ಲ. 28ಎಸ್ ನಡುವಿನದು. ಎಲ್ಲ ನೆಮಟೋಡ್‌ಗಳಿಗೂ ಸಲ್ಲುವ ಒಂದೇ ತುಣುಕು ಇಲ್ಲ. ಕುಲ ನೋಡಿ ಜೀನ್ ಆರಿಸಬೇಕು. ಕುಲ ತಿಳಿಯುವುದು ಮೈಕ್ರೋಸ್ಕೋಪಿನಲ್ಲಿ!

ಇನ್ನೊಂದು ಇಕ್ಕಟ್ಟು ನಮ್ಮ ಗಂಟುಹುಳುಗಳದ್ದೇ. ಇನ್‌ಕಾಗ್ನಿಟ, ಜವಾನಿಕ, ಅರೆನೇರಿಯ ಗಂಡಿಲ್ಲದೆ ಸಂತಾನ ಬೆಳೆಸುವ ಬಗೆಯವು, ಹಿಂದೆ ಎಂದೋ ನಡೆದ ಬೆರಕೆಯಿಂದ ಹುಟ್ಟಿದವು. ಅವುಗಳ ಮೈಟೊಕಾಂಡ್ರಿಯದ ಸಾಲುಗಳನ್ನು ಪಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ಒಂದೇ. ಬಾರ್‌ಕೋಡ್ ನಿಮಗೆ ‘ಈ ಮೂರರಲ್ಲಿ ಯಾವುದೋ ಒಂದು’ ಎನ್ನುತ್ತದೆ, ಅಷ್ಟೆ. ಆಮೇಲೆ ಪ್ರಭೇದಕ್ಕೊಂದರಂತೆ ಮಾಡಿದ ಸ್ಕಾರ್ ಪ್ರೈಮರ್‌ಗಳು, ಎಸ್ಟರೇಸ್ ಕಿಣ್ವದ ಪಟ್ಟೆ, ಚಿಟ್‌ವುಡ್ ತೋರಿಸಿದ ಚಿತ್ತಾರ, ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಆಕಾರವೂ ಹಾಗೆಯೇ ಆಟ ಆಡಿಸುತ್ತದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಅತ್ತಿಯ ಜಾತಿಯ ಮರವೊಂದಿದೆ. ಅದರ ಕಾಯಿಯೊಳಗೆ ಕಣಜದ ಬೆನ್ನೇರಿ ಬರುವ ನೆಮಟೋಡ್‌ಗಳಲ್ಲಿ ಐದು ಥರದ ಬಾಯಿ ಕಂಡವು. ಒಂದಕ್ಕೆ ಕಿರಿದಾದ ಬಾಯಿ, ಒಂದಕ್ಕೆ ಅಗಲ, ಒಂದಕ್ಕೆ ದೊಡ್ಡ ಹಲ್ಲು. ಹಳೆಯ ಪದ್ಧತಿಯಲ್ಲಾದರೆ ಬೇರೆಬೇರೆ ಕುಲಗಳನ್ನೇ ಕಟ್ಟಿ ಪ್ರಬಂಧ ಬರೆಯಬಹುದಿತ್ತು, ಬಡ್ತಿಯೂ ಸಿಗುತ್ತಿತ್ತೇನೊ. ಜರ್ಮನಿಯ ಟ್ಯೂಬಿಂಗನ್‌ನಲ್ಲಿರುವ ರಾಲ್ಫ್ ಸೊಮ್ಮರ್ ತಂಡ ಡಿಎನ್‌ಎ ಓದಿ 2016ರಲ್ಲಿ ಪ್ರಕಟಿಸಿತು: ಐದೂ ಒಂದೇ ಪ್ರಭೇದ, ಪ್ರಿಸ್ಟಿಯೋಂಕಸ್ ಕುಲದ್ದು. ಇದೇ ಕುಲದ ಪ್ರಿಸ್ಟಿಯೋಂಕಸ್ ಪ್ಯಾಸಿಫಿಕಸ್‌ನಲ್ಲಿ ಬೆಳೆಯುವ ಮರಿ ಕಿರಿಬಾಯಿಯ ಬ್ಯಾಕ್ಟೀರಿಯ ಭಕ್ಷಕನಾಗಬೇಕೋ, ಅಗಲಬಾಯಿಯ ಬೇಟೆಗಾರನಾಗಬೇಕೋ ಎಂಬುದನ್ನು ಸುತ್ತಲಿನ ಪರಿಸರವೂ ನಿರ್ಧರಿಸುತ್ತದೆ. ಇದಕ್ಕೆ ತಿರುಗುಮುರುಗು ಬೆಲ್ಜಿಯಂ, ಹಾಲೆಂಡಿನ ಕಡಲತೀರದಲ್ಲಿ ನಡೆದಿದೆ. ಅಲ್ಲಿ ಕೊಳೆತ ಪಾಚಿಯಲ್ಲಿ ಸಿಗುವ, ಒಂದೇ ಎಂದು ನಂಬಿದ್ದ ಹುಳು ಡಿಎನ್‌ಎ ನೋಡಿದಾಗ ಹಲವು ಪ್ರಭೇದಗಳಾಗಿ ಒಡೆಯಿತು. ಈ ಅತ್ತಿಕಾಯಿಯ ಸಂಗತಿ ನನಗೆ ಬಹಳ ಇಷ್ಟ. ಐದು ಬಾಯಿಗಳ ಚಿತ್ರವಿಲ್ಲದೆ ಬರೀ ಸಾಲು ಓದಿದ್ದರೆ ಅಲ್ಲಿ ವಿಶೇಷವೇನೋ ಇದೆ ಎಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ. ಚಿತ್ರ ಮಾತ್ರ ಇದ್ದಿದ್ದರೆ ಸುಳ್ಳು ಹೆಸರುಗಳು ಹುಟ್ಟುತ್ತಿದ್ದವು.

ಆದ್ದರಿಂದ ನನ್ನ ಮಾತು ಇಷ್ಟು: ಚಿತ್ರ ಮತ್ತು ಸಾಲು ಎರಡೂ ಒಂದೇ ಹುಳುವಿನಿಂದ ಬರಬೇಕು. ಅದೇ ಮಡಕೆಯ ಇನ್ನೊಂದು ಹುಳುವಿನಿಂದ ಬಂದರೆ ಸಾಲದು. ಒಂದೇ ಬೇರಿನಲ್ಲಿ ಇನ್‌ಕಾಗ್ನಿಟವೂ ಜವಾನಿಕವೂ ಜೊತೆಯಾಗಿ ಕೂತಿರುವುದು ನಮ್ಮ ಹೊಲಗಳಲ್ಲಿ ಅಪರೂಪವೇನಲ್ಲ.

ಹೇಗೆ ಮಾಡಬೇಕೆಂದು ಕ್ಯಾಲಿಫೋರ್ನಿಯದ ರಿವರ್‌ಸೈಡ್‌ನಲ್ಲಿ ಪಾಲ್ ಡಿ ಲೇ ಮತ್ತು ಸಂಗಡಿಗರು 2005ರಲ್ಲಿ ಚೆನ್ನಾಗಿ ಬರೆದಿಟ್ಟಿದ್ದಾರೆ. ಹುಳುವನ್ನು ಜರಡಿಯಿಂದಲೋ ಬೇರ್ಮನ್ ಆಲಿಕೆಯಿಂದಲೋ ತೆಗೆಯಿರಿ. ಕೊಕ್ಕೆಹುಳುವಿನ ಮರಿ ಹಿಡಿಯಲು ಬೇರ್ಮನ್ 1917ರಲ್ಲಿ ಮಾಡಿದ ಆ ಆಲಿಕೆ, ರಬ್ಬರ್ ಕೊಳವೆ, ಕ್ಲಿಪ್ಪು ಇವತ್ತಿಗೂ ಸಾಕು. ಬಿದಿರ ಸಿಬಿರಿನಿಂದಲೋ ಸೂಜಿಗೆ ಅಂಟಿಸಿದ ರೆಪ್ಪೆಕೂದಲಿನಿಂದಲೋ ಒಂದನ್ನೇ ಎತ್ತಿ ಸ್ಲೈಡಿನ ನೀರಹನಿಗೆ ಬಿಡಿ. ಮೆಲ್ಲಗೆ ಬಿಸಿ ತಾಕಿಸಿ. ಆಗ ಅದು ಸಾಯುವ ಭಂಗಿಯನ್ನು ಗಮನಿಸಿ: ಹೆಲಿಕೊಟೈಲೆಂಕಸ್ ಸುರುಳಿ ಸುತ್ತಿಕೊಳ್ಳುತ್ತದೆ, ಪ್ರಾಟಿಲೆಂಕಸ್ ನೆಟ್ಟಗೆ ಮಲಗುತ್ತದೆ. ಬಿಸಿ ಹೆಚ್ಚಾದರೆ ಒಳಗಿನ ಅಂಗಗಳು ಕಲಸಿಹೋಗುತ್ತವೆ. ಆಮೇಲೆ ಕ್ಯಾಮೆರಾ ಹಚ್ಚಿ. ಒಂದು ಫೋಟೊ ಸಾಲದು, ಏಕೆಂದರೆ ಹುಳುವಿಗೆ ದಪ್ಪವಿದೆ, ಲೆನ್ಸ್ ಒಂದು ಸಲಕ್ಕೆ ಒಂದು ಪದರವನ್ನೇ ತೋರಿಸುತ್ತದೆ. ಫೋಕಸ್ ತಿರುಗಿಸುತ್ತ ಮೇಲಿನಿಂದ ಕೆಳಗಿನವರೆಗೆ ವೀಡಿಯೊ ಮಾಡಿ: ತಲೆ, ಬಾಯಿಸೂಜಿ, ಅನ್ನನಾಳ, ಯೋನಿ, ಬಾಲ. ಆ ವೀಡಿಯೊವನ್ನು ಮುಂದೆ ಹಿಂದೆ ಓಡಿಸಿದರೆ ಮುಂದೆ ಯಾರೇ ಆದರೂ ಹುಳುವನ್ನೇ ನೋಡಿದಂತೆ ನೋಡಬಹುದು. ಅಳತೆಯ ಗೆರೆ ಇಲ್ಲದ ಚಿತ್ರ ತೆಗೆದು ನನಗೆ ತೋರಿಸಬೇಡಿ. ಅದರಿಂದ ಏನನ್ನೂ ಅಳೆಯಲಾಗದು.

ಇದೆಲ್ಲ ಮುಗಿದ ಮೇಲೆ ಕವರ್‌ಸ್ಲಿಪ್ ಸರಿಸಿ ಅದೇ ಹುಳುವನ್ನು ಎತ್ತಿ ಟ್ಯೂಬಿಗೆ ಹಾಕಿ. ವೀಡಿಯೊ, ಟ್ಯೂಬು, ನೋಟ್‌ಬುಕ್ಕು ಮೂರರ ಮೇಲೂ ಒಂದೇ ಸಂಖ್ಯೆ. ಒಂದು ಹುಳುವಿನ ಮೈಯಲ್ಲಿ ಇರುವುದು ಸಾವಿರದಷ್ಟು ಜೀವಕೋಶ, ಪಿಸಿಆರ್‌ಗೆ ಅಷ್ಟು ಧಾರಾಳ. ಗಂಟುಹುಳುವಿನ ಹೆಣ್ಣಾದರೆ ಇನ್ನೂ ಅನುಕೂಲ: ಹಿಂಭಾಗ ಕತ್ತರಿಸಿ ಚಿತ್ತಾರದ ಸ್ಲೈಡ್ ಮಾಡಿ, ಉಳಿದ ಮೈ ಡಿಎನ್‌ಎಗೆ, ಅದರ ಮೊಟ್ಟೆಮುದ್ದೆಯನ್ನು ಕುಂಡದ ಪೂಸಾ ರೂಬಿ ಟೊಮೆಟೊ ಬೇರಿಗೆ ಬಿಟ್ಟು ಸಂತತಿ ಉಳಿಸಿಕೊಳ್ಳಿ. ಒಂದೇ ತಾಯಿಯಿಂದ ಮೂರು ಸಾಕ್ಷಿ.

ಹೊಲದಿಂದ ಬಂದ ದಿನವೇ ಕೆಲಸ ಆಗುವುದಿಲ್ಲ ಎಂದಾದರೆ ಫಾರ್ಮಲಿನ್ ಬಾಟಲಿ ಮುಟ್ಟಬೇಡಿ. ನಮ್ಮ ಕಾಲದ ಸ್ಲೈಡ್‌ಗಳೆಲ್ಲ ಫಾರ್ಮಲಿನ್‌ನಲ್ಲಿ ಕೂಡಿಸಿದವು. ಆಕಾರ ಅಚ್ಚುಕಟ್ಟಾಗಿ ಉಳಿದಿದೆ, ಡಿಎನ್‌ಎ ಹಾಳಾಗಿದೆ. ಆಲ್ಕೊಹಾಲ್ ಡಿಎನ್‌ಎ ಉಳಿಸುತ್ತದೆ, ಹುಳುವನ್ನು ಸುಕ್ಕುಗಟ್ಟಿಸುತ್ತದೆ. ಡಿಇಎಸ್ಎಸ್ ಎಂಬ ದ್ರಾವಣ ಎರಡನ್ನೂ ಕಾಯುತ್ತದೆ: ಡಿಎಂಎಸ್‌ಒ, ಇಡಿಟಿಎ, ಮತ್ತು ಕರಗುವಷ್ಟೂ ಅಡುಗೆ ಉಪ್ಪು. ನೆಮಟೋಡ್‌ಗಳ ಮಟ್ಟಿಗೆ ಇದು ಒಪ್ಪುತ್ತದೆಂದು 2006ರಲ್ಲೇ ತೋರಿಸಿದ್ದಾರೆ. ಫ್ರಿಜ್ ಬೇಡ, ಚೀಲದಲ್ಲಿಟ್ಟುಕೊಂಡು ತೋಟ ತಿರುಗಬಹುದು.

ಇನ್ನು ಡಿಎನ್‌ಎ ಸಾಲು, ಅಂದರೆ ಸೀಕ್ವೆನ್ಸ್, ಬಂದ ದಿನದ ಮಾತು. ಜೀನ್‌ಬ್ಯಾಂಕ್ ಎಂಬ ಸೀಕ್ವೆನ್ಸ್ ಸಂಗ್ರಹದಲ್ಲಿ ಹುಡುಕಿ, ಶೇಕಡಾ 99 ಹೋಲಿಕೆ ಎಂದು ತೆರೆಯ ಮೇಲೆ ಮೂಡಿದ ಕೂಡಲೇ ಹೆಸರು ಬರೆದು ಪೇಪರ್ ಕಳಿಸುವ ಚಾಳಿ ಹರಡಿದೆ. ಅಲ್ಲಿರುವ ಹೆಸರನ್ನು ಇಟ್ಟವರೂ ನಿಮ್ಮಂಥ ವಿದ್ಯಾರ್ಥಿಗಳೇ. ಅವರು ಹುಳು ನೋಡಿದ್ದರೋ ಇಲ್ಲವೋ, ಅದರ ಜೊತೆ ಚಿತ್ರ ಇದೆಯೋ ಇಲ್ಲವೋ ವಿಚಾರಿಸಿ. ತಪ್ಪು ಹೆಸರಿನ ಒಂದು ಸಾಲಿಗೆ ಹತ್ತು ಜನ ಹೊಂದಿಸಿಕೊಂಡರೆ ಹನ್ನೊಂದು ತಪ್ಪುಗಳು ಒಂದನ್ನೊಂದು ಸಮರ್ಥಿಸುತ್ತ ನಿಲ್ಲುತ್ತವೆ. ಕೆಲವೊಮ್ಮೆ ಹುಳುವಿನ ಬದಲು ಅದರ ಮೈಗಂಟಿದ ಶಿಲೀಂಧ್ರದ ಡಿಎನ್‌ಎ ಓದಿರುತ್ತೀರಿ. ಆಗ ನಿಮ್ಮನ್ನು ಕಾಯುವುದು ನಿಮ್ಮದೇ ವೀಡಿಯೊ. ಚಿತ್ರದಲ್ಲಿ ಗಟ್ಟಿಯಾದ ಬಾಯಿಸೂಜಿ ಕಾಣುತ್ತಿದೆ, ಸಾಲು ಬ್ಯಾಕ್ಟೀರಿಯ ತಿನ್ನುವ ಹುಳುವಿನದೆನ್ನುತ್ತಿದೆ ಎಂದಾದರೆ ಟ್ಯೂಬು ಎಲ್ಲೋ ಅದಲುಬದಲಾಗಿದೆ. ಹುಳು ಹಾಕದ ಖಾಲಿ ಟ್ಯೂಬನ್ನೂ ಪ್ರತಿ ಸಲ ಯಂತ್ರಕ್ಕೆ ಇಡಿ.

ಚಿತ್ರ ಬರೆಯುವುದನ್ನೂ ಕಲಿಯಿರಿ. ಕ್ಯಾಮೆರಾ ಇರುವಾಗ ಪೆನ್ಸಿಲ್ ಏಕೆಂದು ನಗಬೇಡಿ. ಬರೆಯಲು ಕೂತಾಗ ಮಾತ್ರ ಕಣ್ಣು ಈ ಗೆರೆ ಎಲ್ಲಿಗೆ ಹೋಗಿ ಸೇರಿತು ಎಂದು ಕೇಳಿಕೊಳ್ಳುತ್ತದೆ. ನೆಮಟೋಡ್ ತಜ್ಞ ನೇಥನ್ ಕಾಬ್ ಒಂದೇ ಹುಳುವನ್ನು ಎರಡೂ ಮಗ್ಗುಲಿಂದ ನೋಡಬೇಕೆಂದು ಎರಡು ಕವರ್‌ಸ್ಲಿಪ್‌ಗಳ ನಡುವೆ ಕೂರಿಸುವ ಲೋಹದ ಸ್ಲೈಡನ್ನೇ ಮಾಡಿಸಿದರು. ಫಿಜಿಯ ಬಾಳೆ ಬೇರಿನಿಂದ 1893ರಲ್ಲಿ ಅವರು ವಿವರಿಸಿದ ಬೇರುಕೊರೆಯುವ ನೆಮಟೋಡು, ರೆಡೊಫೊಲಸ್ ಸಿಮಿಲಿಸ್, ಇಂದು ನಮ್ಮ ಮಲೆನಾಡಿನ ಕಾಳುಮೆಣಸಿನ ಬಳ್ಳಿಯನ್ನು ನಿಧಾನವಾಗಿ ಸೊರಗಿಸುವವುಗಳಲ್ಲಿ ಒಂದು. ಜಾವಾದ ಕಾಫಿ ಬೇರಿನಲ್ಲಿ 1898ರಲ್ಲಿ ಹೆಸರು ಪಡೆದ ಪ್ರಾಟಿಲೆಂಕಸ್ ಕಾಫಿಯೆ ನಮ್ಮ ಅರೇಬಿಕಾ ತೋಟಗಳಲ್ಲೂ ಇದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಮತ್ತು ಮೆಣಸು, ಬಾಗಲಕೋಟೆ, ಕೊಪ್ಪಳದ ದಾಳಿಂಬೆ, ಕೋಲಾರದ ಟೊಮೆಟೊ, ಇವುಗಳ ಬೇರಿನ ಹುಳುಗಳ ಚಿತ್ರ, ಸಾಲು, ಊರು, ಬೆಳೆ, ದಿನಾಂಕ ಎಲ್ಲ ಸೇರಿದ ದಾಖಲೆ ನಿಮ್ಮಿಂದ ಆಗಬೇಕಾದ ಕೆಲಸ. ಸೀಕ್ವೆನ್ಸನ್ನು ಜೀನ್‌ಬ್ಯಾಂಕಿಗೆ ಹಾಕಿ, ಸ್ಲೈಡು ಮತ್ತು ವೀಡಿಯೊವನ್ನು ನಿಮ್ಮ ವಿಭಾಗದ ಸಂಗ್ರಹಕ್ಕೆ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಮಣ್ಣು ಕೊಟ್ಟ ರೈತನಿಗೆ ಪ್ರಭೇದದ ಹೆಸರನ್ನೂ, ಯಾವ ತಳಿ ಹಾಕಬೇಕು, ಯಾವುದು ಬೇಡ ಎಂಬುದನ್ನೂ ಕನ್ನಡದಲ್ಲಿ ಬರೆದು ಮುಂದಿನ ನಾಟಿಗೆ ಮೊದಲೇ ತಲುಪಿಸಿ.